ಸುಮ್ಮ ಕುಂಡ್ರೋದು

ಜಪಾನಿನ ಯೊಕೊಹಾಮಾಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಅದರಲ್ಲಿ ಹನ್ನೊಂದು ವರ್ಷದಿಂದ, ಊರಲ್ಲಿದ್ದ ಭಾನುವಾರವೆಲ್ಲ, ಮನೆ ಹತ್ತಿರದ ಒಂದು ಸಣ್ಣ ಝೆನ್ ದೇಗುಲಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ಕೂತು ಬರುತ್ತಿದ್ದೇನೆ. ಅದು ಝೆನ್ ಬೌದ್ಧರಲ್ಲಿ ಸೋತೋ ಎಂಬ ಪಂಥದವರ ದೇಗುಲ. ಅವರು ತಮ್ಮ ಧ್ಯಾನಕ್ಕೆ ‘ಶಿಕಾನ್‌ತಾಝಾ’ ಅನ್ನುತ್ತಾರೆ, ಬೇರೇನೂ ಮಾಡದೆ ಬರೀ ಕೂರುವುದು ಎಂದರ್ಥ. ಅದಕ್ಕೆ ಕನ್ನಡದಲ್ಲಿ ಏನು ಹೇಳಬೇಕು ಎಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ನಿರಾಲಂಬ ಧ್ಯಾನ, ನಿರ್ವಿಷಯ ಆಸನ ಅಂತೆಲ್ಲ ಸಂಸ್ಕೃತದಲ್ಲಿ ಕಟ್ಟಿ ನೋಡಿದೆ, ಯಾವುದೂ ಕೂಡಲಿಲ್ಲ. ಒಂದು ಬೆಳಿಗ್ಗೆ ಮನೆಯಲ್ಲೇ ಕೂತಿದ್ದಾಗ ಆರು ವರ್ಷದ ಮಗ ಬಂದು ಭುಜ ಅಲುಗಿಸಿ, “ಅಪ್ಪಾ, ಏನ್ ಮಾಡಾಕತ್ತೀ?” ಅಂದ. “ಏನಿಲ್ಲೋ, ಸುಮ್ಮ ಕುಂತೇನಿ” ಅಂದೆ. ಅಂದ ಮೇಲೆ ಮೈ ಜುಮ್ಮೆಂದಿತು. ಅದು ನನ್ನ ಮಾತಾಗಿರಲಿಲ್ಲ, ನಮ್ಮ ಆಯಿಯ, ಅಂದರೆ ಅಜ್ಜಿಯ, ಮಾತು.

ಧಾರವಾಡದ ಹತ್ತಿರದ ಹಳ್ಳಿ ನಮ್ಮದು. ಆಯಿ ನಸುಕಿನಲ್ಲಿ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಒಂದಿಷ್ಟು ನೀರು, ಒಂದು ಪತ್ರಿ, ಹಿತ್ತಲಲ್ಲಿ ಅರಳಿದ್ದರೆ ಒಂದು ಕಣಗಿಲೆ. ಪೂಜೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಆಮೇಲೆ ಅಂಗೈಯನ್ನು ಮುಖದ ಹತ್ತಿರ ಹಿಡಿದು ನೋಡುತ್ತ ಕೂರುತ್ತಿದ್ದಳು. ಕಣ್ಣು ಪೂರ್ತಿ ಮುಚ್ಚಿರುತ್ತಿರಲಿಲ್ಲ, ಪೂರ್ತಿ ತೆರೆದೂ ಇರುತ್ತಿರಲಿಲ್ಲ. ಲಿಂಗದ ಕಪ್ಪು ಮೈಮೇಲೆ ದೀಪದ ಕುಡಿ ಒಂದು ಚುಕ್ಕೆಯಾಗಿ ಮಿಣುಕುತ್ತಿತ್ತು. ಹಸಿವಾಗಿ ನಾನು ಸೆರಗು ಜಗ್ಗಿದರೆ, “ಪೂಜಿ ಮುಗೀತಲ್ಲ, ಏಳ” ಅಂದರೆ, “ಪೂಜಿ ಮುಗೀತು ತಮ್ಮಾ, ಈಗ ಸುಮ್ಮ ಕುಂತೇನಿ” ಅನ್ನುತ್ತಿದ್ದಳು.

ಈ ‘ಸುಮ್ಮನೆ’ ಎಂಬುದು ಎಂಥ ಮಾತು ನೋಡಿ. ಸುಮ್ಮನಿರು ಅಂದರೆ ಮಾತಾಡಬೇಡ. ಸುಮ್ಮನೆ ಬಂದೆ ಅಂದರೆ ಕೆಲಸವೇನೂ ಇಲ್ಲದೆ ಬಂದೆ. ಸುಮ್ಮನೆ ಕೊಟ್ಟ ಅಂದರೆ ಏನೂ ತೆಗೆದುಕೊಳ್ಳದೆ ಕೊಟ್ಟ. ಮೌನ, ಉದ್ದೇಶವಿಲ್ಲದಿರುವುದು, ಪ್ರತಿಫಲ ಬೇಡದಿರುವುದು, ಮೂರೂ ಒಂದೇ ಮಾತಿನಲ್ಲಿ ಕೂತಿವೆ. 1227ರಲ್ಲಿ ಚೀನಾದಿಂದ ಬರಿಗೈಯಲ್ಲಿ ಮರಳಿ ಜಪಾನಿನಲ್ಲಿ ಸೋತೋ ಪಂಥಕ್ಕೆ ಮೊದಲಾದ ಭಿಕ್ಷು ದೋಗೆನ್ ಅಲ್ಲಿಯ ಜನಕ್ಕೆ ಜೀವಮಾನವಿಡೀ ತಿಳಿಸಿ ಹೇಳಿದ್ದು ಇದನ್ನೇ: ಏನನ್ನೋ ಪಡೆಯಲಿಕ್ಕೆ ಕೂರಬೇಡಿ, ಕೂರುವುದಕ್ಕಾಗಿ ಕೂರಿ. ಆ ಮಾತು ನನಗೆ ಅರ್ಥವಾಗಲು ಹತ್ತು ವರ್ಷ ಹಿಡಿಯಿತು. ನಮ್ಮ ಮನೆಯ ಪಡಸಾಲೆಯಲ್ಲಿ ಅದು ದಿನಾ ಬೆಳಿಗ್ಗೆ ಕೇಳಿಬರುವ ಮಾತಾಗಿತ್ತು.

ಇಲ್ಲಿಯ ಕೂರುವ ಕ್ರಮವನ್ನು ಸ್ವಲ್ಪ ಹೇಳಬೇಕು. ಒಳಗೆ ಹೋಗುವಾಗ ಎಡಗಾಲು ಮುಂದಿಡಬೇಕು. ಝಾಫು ಎಂಬ ದುಂಡನೆಯ ದಿಂಬು ಇರುತ್ತದೆ. ಅದರೊಳಗಿರುವುದು ಬೂರುಗದ ಹತ್ತಿ, ನಮ್ಮೂರ ತಲೆದಿಂಬಿನಲ್ಲಿ ತುಂಬುತ್ತಿದ್ದ ಅದೇ ಹತ್ತಿ. ಮೊದಲು ದಿಂಬಿಗೆ ಕೈಮುಗಿದು ಬಾಗಬೇಕು, ತಿರುಗಿ ಎದುರಿಗಿರುವವರಿಗೆ ಬಾಗಬೇಕು, ಆಮೇಲೆ ಗೋಡೆಗೆ ಮುಖ. ಬಲ ಅಂಗೈ ಮೇಲೆ ಎಡ ಅಂಗೈ ಇಟ್ಟು, ಎರಡು ಹೆಬ್ಬೆರಳ ತುದಿ ಮುಟ್ಟಿಯೂ ಮುಟ್ಟದ ಹಾಗೆ ತಾಗಿಸಿಕೊಳ್ಳಬೇಕು. ಕಣ್ಣು ಅರೆ ತೆರೆದಿರಬೇಕು. ಗಂಟೆ ಮೂರು ಸಲ ಬಾರಿಸಿದರೆ ಶುರು. ಒಂದು ಊದುಬತ್ತಿ ಉರಿದು ಮುಗಿಯುವಷ್ಟು ಹೊತ್ತು, ಹೆಚ್ಚುಕಡಿಮೆ ನಲವತ್ತು ನಿಮಿಷ. ಹೆಬ್ಬೆರಳುಗಳನ್ನು ನೋಡಿಯೇ ಹಿರಿಯ ಭಿಕ್ಷುವಿಗೆ ನಮ್ಮ ಒಳಗಿನ ಸಂಗತಿ ತಿಳಿಯುತ್ತದೆ. ತೂಕಡಿಕೆ ಬಂದರೆ ಅವು ಕೆಳಗೆ ಕುಸಿಯುತ್ತವೆ, ಮನಸ್ಸು ಬಿಗಿದರೆ ಗುಡ್ಡದ ಹಾಗೆ ಮೇಲೇಳುತ್ತವೆ. ಗುಡ್ಡವೂ ಬೇಡ, ಕಣಿವೆಯೂ ಬೇಡ ಎನ್ನುತ್ತಾರೆ. ತೂಕಡಿಕೆ ತಡೆಯಲಾಗದಿದ್ದರೆ ಕೈಮುಗಿದು ಕೇಳಿಕೊಂಡರಾಯಿತು, ಚಪ್ಪಟೆ ಕೋಲಿನಿಂದ ಬಲಭುಜಕ್ಕೆ ಒಂದು ಏಟು ಬೀಳುತ್ತದೆ. ಹೊಡೆದವರು, ಹೊಡೆಸಿಕೊಂಡವರು ಇಬ್ಬರೂ ಬಾಗುತ್ತಾರೆ.

ಆಯಿಯದೂ ಅರೆತೆರೆದ ಕಣ್ಣು, ಇವರದೂ ಅರೆತೆರೆದ ಕಣ್ಣು. ಆಯಿಯದೂ ಎಡಗೈ, ಇವರದೂ ಮೇಲಿರುವುದು ಎಡಗೈ. ಆಯಿಯ ಕೈಯಲ್ಲಿ ಲಿಂಗವಿತ್ತು, ಇವರ ಕೈ ಖಾಲಿ. ನನ್ನ ಯೋಚನೆಯೆಲ್ಲ ಹಲವು ವರ್ಷದಿಂದ ಈ ಎರಡು ಕೈಗಳ ಸುತ್ತಲೇ ತಿರುಗುತ್ತಿದೆ.

ಅಹಂಕಾರ ಸುಳ್ಳು, ‘ನಾನು’ ಎಂಬುದೊಂದು ಭ್ರಮೆ ಎಂದು ಎಲ್ಲರೂ ಹೇಳುತ್ತಾರೆ. ಕೇಳಿದಾಗ ಹೌದು ಅನ್ನಿಸುತ್ತದೆ, ಕೂತಾಗ ಮಾತ್ರ ಅದು ಸಿಕ್ಕುವುದಿಲ್ಲ. ನನಗೆ ದಾರಿ ತೋರಿಸಿದ್ದು ಕನ್ನಡದ ವ್ಯಾಕರಣ. ಆಫೀಸಿನಲ್ಲಿ ನಾನು ಇಂಗ್ಲಿಷಿನಲ್ಲಿ ‘ಐ ಆ್ಯಮ್ ಆ್ಯಂಗ್ರಿ’ ಅಂದರೆ ನಾನೇ ಸಿಟ್ಟಾಗಿಬಿಡುತ್ತೇನೆ. ಕನ್ನಡದಲ್ಲಿ ಹಾಗಲ್ಲ, ನನಗೆ ಸಿಟ್ಟು ಬರುತ್ತದೆ. ಬಂದದ್ದು ಹೋಗಲೂಬಹುದು. ಹಸಿವಾಗುತ್ತದೆ, ನಿದ್ದೆ ಬರುತ್ತದೆ, ನೆನಪಾಗುತ್ತದೆ, ಮರೆತುಹೋಗುತ್ತದೆ. ಇವೆಲ್ಲ ನನ್ನ ಹತ್ತಿರ ಬಂದು ಹೋಗುವವು, ನಾನು ಮಾಡುವವಲ್ಲ. ಗೋಡೆ ನೋಡುತ್ತ ಕೂತಾಗ ಒಂದು ದಿನ ಇದನ್ನು ಅಕ್ಷರಶಃ ಕಂಡೆ. ಮೇಲಧಿಕಾರಿಯ ಮೇಲಿನ ಹಳೆಯ ಸಿಟ್ಟೊಂದು ಬಂತು. ದವಡೆ ಬಿಗಿಯಿತು, ಕಿವಿ ಬಿಸಿಯಾಯಿತು. ಆಮೇಲೆ ಅದಕ್ಕೆ ಮಾತು ಸಿಗದೆ ಹೋಯಿತು, ದವಡೆ ಸಡಿಲವಾಯಿತು. ಬಂದದ್ದು ಗೊತ್ತಾಯಿತು, ಹೋದದ್ದೂ ಗೊತ್ತಾಯಿತು. ಯಾರಿಗೆ ಬಂದಿತ್ತು ಎಂದು ಹುಡುಕಿದರೆ ಬಿಸಿಯಾದ ಕಿವಿ ಇತ್ತು, ಬಿಗಿದ ದವಡೆ ಇತ್ತು, ಅಷ್ಟೇ. ಜಪಾನಿ ಭಾಷೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಾವು ‘ನಾನು’ ಬಿಟ್ಟು ‘ಹೋಗ್ತೇನೆ’ ಅಂದರೂ ಕ್ರಿಯಾಪದದ ಬಾಲದಲ್ಲಿ ‘ನಾನು’ ಅಂಟಿಕೊಂಡಿರುತ್ತದೆ. ಅವರ ‘ಇಕಿಮಾಸು’ದಲ್ಲಿ ಹೋಗುವುದು ಮಾತ್ರ ಇದೆ, ಹೋಗುವವನ ಗುರುತಿಲ್ಲ. ಹಾಗೆಂದು ಜಪಾನಿನವರಿಗೆ ಅಹಂಕಾರವಿಲ್ಲವೆ? ನಮ್ಮಷ್ಟೇ ಇದೆ. ಭಾಷೆ ಬಾಗಿಲು ತೋರಿಸಬಹುದು, ಒಳಗೆ ಹೋಗುವ ಕೆಲಸ ನಮ್ಮದೇ.

ಧ್ಯಾನದಿಂದಲೇ ಅಹಂಕಾರ ಬೆಳೆಯುವುದನ್ನೂ ಕಂಡಿದ್ದೇನೆ, ನನ್ನಲ್ಲೇ. ಮೊದಲ ವರ್ಷಗಳಲ್ಲಿ ಫೋನಿನಲ್ಲಿ ಒಂದು ಆ್ಯಪ್ ಇಟ್ಟುಕೊಂಡಿದ್ದೆ. ಎಷ್ಟು ದಿನ ತಪ್ಪದೆ ಕೂತೆ ಎಂದು ಅದು ಲೆಕ್ಕ ಇಡುತ್ತಿತ್ತು. ಮುನ್ನೂರು ದಿನ ದಾಟಿದಾಗ ಸ್ನೇಹಿತರಿಗೆಲ್ಲ ತೋರಿಸಿದೆ. ಅದೇ ವಾರ ನಾನು ಕೂತಿದ್ದ ಕೋಣೆಯ ಬಾಗಿಲು ತೆಗೆದಳೆಂದು ಹೆಂಡತಿಯ ಮೇಲೆ ಜೋರು ಮಾಡಿದೆ. ಅವಳು ಏನೂ ಅನ್ನಲಿಲ್ಲ, ಬಾಗಿಲು ಮುಚ್ಚಿಕೊಂಡು ಹೋದಳು. ಆ ಬಾಗಿಲ ಸದ್ದು ಇವತ್ತಿಗೂ ಕಿವಿಯಲ್ಲಿದೆ. ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಊಟದ ಬಿಡುವಿನಲ್ಲಿ ಧ್ಯಾನ ಹೇಳಿಕೊಡುತ್ತಿದ್ದರು. ಏಕಾಗ್ರತೆ ಹೆಚ್ಚುತ್ತದೆ, ಕೆಲಸದ ವೇಗ ಹೆಚ್ಚುತ್ತದೆ ಎಂದು ಮೊದಲೇ ಪಟ್ಟಿ ಕೊಡುತ್ತಿದ್ದರು. ‘ನಾನು’ವನ್ನು ಇನ್ನಷ್ಟು ಗಟ್ಟಿ ಮಾಡಲಿಕ್ಕೆ ಧ್ಯಾನ ಬಳಸುವುದು ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗೆ. ನೆಮ್ಮದಿ ಸಿಗಬಾರದು ಎನ್ನುತ್ತಿಲ್ಲ. ಲಾಭದ ಲೆಕ್ಕ ಹಿಡಿದು ಕೂತವನು ಸುಮ್ಮನೆ ಕೂತಿಲ್ಲ, ಅಷ್ಟೇ ನನ್ನ ಮಾತು. ಕನಕದಾಸರ ಹೆಸರಲ್ಲಿ ನಾವೆಲ್ಲ ಹೇಳುವ ‘ನಾನು ಹೋದರೆ ಹೋದೇನು’ ಎಂಬ ಮಾತಿನಲ್ಲೂ ‘ನಾನು’ವನ್ನು ಕಳಿಸುವವರು ಯಾರೂ ಇಲ್ಲ. ಅದು ಹೋಗಬೇಕು, ತಾನಾಗಿ.

ಎರಡೂ ದಾರಿ ಒಂದೇ, ಎಲ್ಲ ನದಿಗಳೂ ಸಮುದ್ರಕ್ಕೇ ಹೋಗುತ್ತವೆ ಎಂದು ಸ್ನೇಹಿತರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಶರಣರ ಷಟ್‌ಸ್ಥಲದಲ್ಲಿ ಭಕ್ತನಿಂದ ಐಕ್ಯದವರೆಗೆ ಮೆಟ್ಟಿಲುಗಳಿವೆ, ಸೇರಬೇಕಾದ ಒಬ್ಬನಿದ್ದಾನೆ. ಅವನ ಮೇಲೆ ಒಲವಿದೆ, ಹುಸಿಮುನಿಸಿದೆ, ಕಣ್ಣೀರಿದೆ. ‘ನಾನು’ ಅಲ್ಲಿ ಒಲವಿನಲ್ಲಿ ಕರಗುತ್ತದೆ. ಝೆನ್‌ನಲ್ಲಿ ಏರಬೇಕಾದ ಮೆಟ್ಟಿಲಿಲ್ಲ, ಕಾಯುವವರಿಲ್ಲ. ಕೂತ ಕೂರುವಿಕೆಯೇ ಬೋಧಿ ಅನ್ನುತ್ತಾರೆ. ‘ನಾನು’ ಇಲ್ಲಿ ಕರಗುವುದಿಲ್ಲ, ಹುಡುಕಿದಾಗ ಸಿಗದೆ ಹೋಗುತ್ತದೆ. ಇವೆರಡರ ರುಚಿ ಬೇರೆ ಬೇರೆ. ಅದನ್ನು ನಾನು ತಿಳಿದದ್ದು 2021ರ ಮೇ ತಿಂಗಳಲ್ಲಿ.

ಆ ತಿಂಗಳು ಅಪ್ಪ ತೀರಿಕೊಂಡರು. ಹೃದಯದ ಕಾಯಿಲೆ ಹಳೆಯದೇ ಇತ್ತು. ಭಾರತದಿಂದ ಬರುವವರಿಗೆ, ಇಲ್ಲಿ ವಾಸದ ಪರವಾನಗಿ ಇದ್ದವರಿಗೂ, ಜಪಾನ್ ಆಗ ಬಾಗಿಲು ಮುಚ್ಚಿತ್ತು. ಹೋದರೆ ಮರಳುವುದು ಯಾವಾಗ ಎಂಬುದೇ ಗೊತ್ತಿಲ್ಲ, ಇಲ್ಲಿ ಹೆಂಡತಿ ಮತ್ತು ಎಳೆಯ ಮಗು. ಹೋಗಲಿಲ್ಲ. ತಮ್ಮ ಫೋನ್ ಹಿಡಿದು ತೋರಿಸಿದ. ನಮ್ಮಲ್ಲಿ ಮಣ್ಣು ಮಾಡುವಾಗ ಕೂರಿಸಿಯೇ ಮಾಡುವುದು. ಹೊಲದ ಸಮಾಧಿಯಲ್ಲಿ ಅಪ್ಪ ವಿಭೂತಿ ಹಚ್ಚಿಕೊಂಡು ಕೂತಿದ್ದರು, ಎಡ ಅಂಗೈಯಲ್ಲಿ ಲಿಂಗ. ಜಾಲ ಸರಿಯಿಲ್ಲದೆ ಚಿತ್ರ ನಡುನಡುವೆ ನಿಂತುಹೋಗುತ್ತಿತ್ತು. ಸುಮ್ಮ ಕುಂತಾರ, ಅನ್ನಿಸಿತು.

ಆ ರಾತ್ರಿ ನಾನು ಇಲ್ಲಿಯ ಕ್ರಮದಲ್ಲೇ ಕೂತೆ. ಆಗಲಿಲ್ಲ. ಖಾಲಿ ಅಂಗೈ ನೋಡಿದರೆ ಎದೆಯೇ ಖಾಲಿಯಾದ ಹಾಗೆ. ಎದ್ದು ಕಪಾಟಿನಲ್ಲಿ ಬಟ್ಟೆಗಳ ಕೆಳಗೆ ವರ್ಷಗಟ್ಟಲೆ ಇದ್ದ ಕರಡಿಗೆ ತೆಗೆದೆ. ಬೆಳ್ಳಿ ಕಪ್ಪಾಗಿತ್ತು, ದಾರ ಜೀರ್ಣವಾಗಿತ್ತು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡೆ. ಅದಕ್ಕೊಂದು ತೂಕವಿದೆ ಎಂಬುದನ್ನೇ ಮರೆತಿದ್ದೆ. ಆಗ ಅಳು ಬಂತು. ಬೆಳಗಿನ ತನಕ ಅತ್ತೆ.

ಅಂದಿನಿಂದ ಒಂದು ವಿಷಯದಲ್ಲಿ ನಾನು ಬಿಗಿಯಾಗಿದ್ದೇನೆ. ದುಃಖದಲ್ಲಿರುವವರಿಗೆ ‘ಎಲ್ಲ ಮಾಯೆ, ಯಾರು ಸತ್ತರು, ಯಾರು ಅಳುತ್ತಿದ್ದಾರೆ’ ಎಂದು ಹೇಳುವವರನ್ನು ನಾನು ಸಹಿಸುವುದಿಲ್ಲ. ನನಗೂ ಹಾಗೆ ಹೇಳಿದವರಿದ್ದರು. ಅಹಂಕಾರದ ಭ್ರಮೆ ಎಂಬುದು ಒಬ್ಬ ಮನುಷ್ಯ ತನ್ನೊಳಗೆ ತಾನೇ ನೋಡಿ ತಿಳಿಯಬೇಕಾದದ್ದು. ಇನ್ನೊಬ್ಬರ ನೋವಿನ ಬಾಯಿ ಮುಚ್ಚಿಸಲಿಕ್ಕೆ ಅದನ್ನು ಬಳಸಿದರೆ ಅದಕ್ಕಿಂತ ದೊಡ್ಡ ಅಹಂಕಾರ ಬೇರೆ ಇಲ್ಲ. ನಮ್ಮ ದೇಗುಲದ ಹಿರಿಯ ಭಿಕ್ಷು ವಿಷಯ ತಿಳಿದು ಒಂದು ಮಾತೂ ಆಡಲಿಲ್ಲ. ಚಹಾ ಮಾಡಿ ಮುಂದಿಟ್ಟು, ಪಕ್ಕದಲ್ಲಿ ಕೂತರು.

ಈಗ ಸೋಮವಾರ ಮತ್ತು ಅಪ್ಪನ ಪುಣ್ಯತಿಥಿಗೆ ಲಿಂಗ, ಉಳಿದ ದಿನಗಳಲ್ಲಿ ಖಾಲಿ ಕೈ. ಇದು ಶಾಸ್ತ್ರಕ್ಕೆ ಸರಿಯೋ ತಪ್ಪೋ, ನನಗೆ ಹೀಗೆ ಒಗ್ಗಿದೆ. ಅವ್ವ ಫೋನಿನಲ್ಲಿ, “ಗ್ವಾಡಿ ನೋಡ್ಕೋತ ಕುಂಡ್ರತೀರಂತಲ್ಲೋ, ಏನ ಕಾಣ್ತೈತಿ ಅಲ್ಲಿ?” ಎಂದು ಕೇಳಿದಳು. “ಗ್ವಾಡೀನ ಕಾಣ್ತೈತಿ ಅವ್ವಾ” ಅಂದೆ. ಸ್ವಲ್ಪ ಹೊತ್ತು ಬಿಟ್ಟು, “ಚಲೋ ಆತು ಬಿಡು” ಅಂದಳು.

ಎರಡೂ ಕಡೆ ನಿಜವಾಗಿ ಹೊಂದುವುದು ಕೂತೆದ್ದ ಮೇಲಿನ ಕೆಲಸ. ಇಲ್ಲಿಯದು ‘ಸಾಮು’. ಧ್ಯಾನ ಮುಗಿದ ಕೂಡಲೆ ಎಲ್ಲರ ಕೈಗೂ ಬಟ್ಟೆ, ಪೊರಕೆ ಬರುತ್ತದೆ. ಯೊಕೊಹಾಮಾದ ತ್ಸುರುಮಿಯಲ್ಲಿರುವ ಸೋಜಿಜಿ ದೇಗುಲ ಈ ಪಂಥದ ಎರಡು ಮೂಲಪೀಠಗಳಲ್ಲಿ ಒಂದು. ಮೊದಲು ನೋತೋ ಎಂಬ ದೂರದ ಸೀಮೆಯಲ್ಲಿದ್ದ ಈ ದೇಗುಲ 1898ರಲ್ಲಿ ಸುಟ್ಟುಹೋದ ಮೇಲೆ 1911ರಲ್ಲಿ ಇಲ್ಲಿಗೆ ಬಂತು. ಅಲ್ಲಿಯ ಉದ್ದನೆಯ ಮರದ ಓಣಿಯನ್ನು ಎಳೆಯ ಭಿಕ್ಷುಗಳು ದಿನಾ ಒರೆಸುತ್ತಾರೆ, ಸೊಂಟ ಬಗ್ಗಿಸಿ, ಬಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಓಡುತ್ತ. ಹಲಗೆಗಳು ಕನ್ನಡಿಯಂತಾಗಿವೆ. ದೋಗೆನ್ ಚೀನಾದಲ್ಲಿ ಕಂಡ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಅರವತ್ತೆಂಟು ವರ್ಷದ, ಬೆನ್ನು ಬಿಲ್ಲಿನಂತೆ ಬಾಗಿದ ಅಡುಗೆಯ ಭಿಕ್ಷು ಸುಡುವ ಬಿಸಿಲಲ್ಲಿ ಅಣಬೆ ಒಣಹಾಕುತ್ತಿದ್ದ. ಬೇರೆಯವರಿಗೆ ಹೇಳಬಾರದೆ ಎಂದು ಕೇಳಿದರೆ, ಬೇರೆಯವರು ನಾನಲ್ಲ ಅಂದ. ಇಷ್ಟು ಬಿಸಿಲಲ್ಲಿ ಯಾಕೆ ಎಂದರೆ, ಇನ್ನಾವ ಹೊತ್ತಿಗೆ ಕಾಯಲಿ ಅಂದ. ‘ನಾನು’ ಎಂಬ ಮಾತು ಅಷ್ಟು ಹಗುರಾಗಿ, ಅಷ್ಟು ನೆಟ್ಟಗೆ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಮುದುಕ ಕಲ್ಯಾಣದಲ್ಲಿ ಹುಟ್ಟಿದ್ದರೆ ಅವನ ಕೆಲಸಕ್ಕೆ ಕಾಯಕವೆಂದೇ ಹೆಸರಾಗುತ್ತಿತ್ತು.

ಊರಿಗೆ ಬಂದಾಗ ನನಗೆ ಕೊರತೆ ಅನ್ನಿಸುವುದು ಒಂದೇ. ನಮ್ಮಲ್ಲಿ ಪ್ರವಚನವಿದೆ, ಭಜನೆಯಿದೆ, ದಾಸೋಹವಿದೆ, ಧ್ವನಿವರ್ಧಕವಂತೂ ಎಲ್ಲೆಡೆ ಇದೆ. ಹತ್ತು ಜನ ಒಟ್ಟಿಗೆ ಸೇರಿ ಮಾತಿಲ್ಲದೆ ಕೂರುವ ಜಾಗ ನನ್ನ ಕಣ್ಣಿಗೆ ಬಿದ್ದದ್ದು ಬಹಳ ಕಡಿಮೆ. ಆಯಿ ಒಬ್ಬಳೇ ಕೂರುತ್ತಿದ್ದಳು, ಅವಳ ಜೊತೆಗೇ ಅದು ನಮ್ಮ ಮನೆಯಿಂದ ಹೋಯಿತು. ವಯಸ್ಸಾದ ಮೇಲೆ ನೋಡೋಣ ಎಂದು ನಾವೆಲ್ಲ ಬಿಟ್ಟೆವು. ಇಲ್ಲಿ ಭಾನುವಾರ ನನ್ನ ಒಂದು ಬದಿಗೆ ಕಾಲೇಜಿನ ಹುಡುಗಿ ಕೂರುತ್ತಾಳೆ, ಇನ್ನೊಂದು ಬದಿಗೆ ಮೀನು ಅಂಗಡಿಯ ಅಜ್ಜ. ಜಾತಿ, ದೀಕ್ಷೆ, ನಂಬಿಕೆ ಯಾವುದನ್ನೂ ಯಾರೂ ಕೇಳುವುದಿಲ್ಲ. ಪಕ್ಕದವರು ಅಲುಗದೆ ಕೂತಿದ್ದಾರೆ ಎಂಬ ಒಂದೇ ಕಾರಣಕ್ಕೆ ನನ್ನ ಮೊಣಕಾಲ ನೋವನ್ನು ತಡೆದುಕೊಂಡ ದಿನಗಳು ಎಷ್ಟೋ.

ನಮ್ಮೂರ ಮಠದ ಕಲ್ಲಿನ ಪಡಸಾಲೆ ವಾರದಲ್ಲಿ ಆರು ದಿನ ಖಾಲಿ ಇರುತ್ತದೆ. ಬೆಳಗಿನ ಒಂದು ತಾಸು ಅದನ್ನು ಯಾರಿಗಾದರೂ, ಲಿಂಗ ಕಟ್ಟಿದವರಿಗೂ ಕಟ್ಟದವರಿಗೂ, ಸುಮ್ಮ ಕುಂಡ್ರಲಿಕ್ಕೆ ತೆರೆದಿಡಿ ಎಂದು ಕಳೆದ ಸಲ ಸ್ವಾಮಿಗಳನ್ನು ಕೇಳಿಕೊಂಡು ಬಂದಿದ್ದೇನೆ. ನೋಡೋಣ ಅಂದಿದ್ದಾರೆ. ಬರುವ ಡಿಸೆಂಬರಿನಲ್ಲಿ ಮಗನನ್ನು ಕರೆದುಕೊಂಡು ಮೂರು ವಾರ ಊರಲ್ಲಿರುತ್ತೇನೆ. ತೆರೆದರೆ ಜಮಖಾನೆ ಹಾಸುವುದು ಮಗನ ಪಾಲಿಗೆ, ಕಸ ಹೊಡೆಯುವುದು ನನಗೆ.