ನೆಲಕ್ಕೆ ಕೆನ್ನೆ ಇಟ್ಟರೆ ಗುಂಡಿಯೇ ಇಲ್ಲ

ಕಳೆದ ಮಳೆಗಾಲದಲ್ಲಿ ಹಾಸನದ ನಮ್ಮ ಬೀದಿಯಲ್ಲಿ ಒಂದು ಗುಂಡಿ ಹುಟ್ಟಿತು. ಮೊದಲು ತಟ್ಟೆಯಷ್ಟಿತ್ತು. ಗೌರಿ ಹಬ್ಬದ ಹೊತ್ತಿಗೆ ಬಾಂಡ್ಲಿಯಷ್ಟಾಯಿತು. ದೀಪಾವಳಿಗೆ ಎಮ್ಮೆ ಮಲಗುವಷ್ಟು. ಹಾಲಿನ ಹುಡುಗ ಅದರಲ್ಲಿ ಎರಡು ಸಲ ಬಿದ್ದ. ಎರಡನೇ ಸಲ ನಮ್ಮ ಮನೆಯ ಹಾಲೂ ಬಿತ್ತು, ಆದ್ದರಿಂದ ನಾನು ದೂರು ಕೊಟ್ಟೆ.

ಈಗ ದೂರು ಕೊಡಲು ಕಚೇರಿ ಮೆಟ್ಟಿಲು ಹತ್ತಬೇಕಿಲ್ಲ. ಮೊಬೈಲ್‌ನಲ್ಲೇ ಫೋಟೊ ಹಾಕಿ ವಾರ್ಡ್ ನಂಬರ್ ಒತ್ತಿದರೆ ಸಾಕು. ಒಂಬತ್ತನೇ ದಿನ ಮೆಸೇಜ್ ಬಂತು: ‘ನಿಮ್ಮ ದೂರನ್ನು ಬಗೆಹರಿಸಲಾಗಿದೆ.’ ಜತೆಗೊಂದು ಫೋಟೊ. ನಮ್ಮದೇ ಬೀದಿ. ನಮ್ಮದೇ ಕರೆಂಟ್ ಕಂಬ. ಕಂಬಕ್ಕೆ ಕಟ್ಟಿದ ಟ್ಯೂಷನ್ ಬೋರ್ಡೂ ನಮ್ಮದೇ. ರಸ್ತೆ ಮಾತ್ರ ಯಾವುದೋ ದೇಶದ್ದು. ಅಂಥ ನುಣುಪು! ನೇರವಾಗಿ ದೋಸೆ ಹುಯ್ಯಬಹುದಿತ್ತು.

ಖುಷಿಯಲ್ಲಿ ಚಪ್ಪಲಿ ಹಾಕದೆ ಹೊರಗೆ ಓಡಿದೆ. ಗುಂಡಿ ಅಲ್ಲೇ ಇತ್ತು. ನೀರು ತುಂಬಿಕೊಂಡು ಆರಾಮಾಗಿ ಮಲಗಿತ್ತು.

ನನ್ನ ಅಕ್ಕನ ಮಗನಿಗೆ ಮೊಬೈಲ್ ಕ್ಯಾಮೆರಾದ ಕರಾಮತ್ತಿನ ಹುಚ್ಚು. ಮುಳ್ಳಯ್ಯನಗಿರಿಯಲ್ಲಿ ಮುಳುಗುವ ಸೂರ್ಯನನ್ನು ಎರಡು ಬೆರಳಲ್ಲಿ ನಸ್ಯದ ಹಾಗೆ ಹಿಡಿದಿದ್ದಾನೆ. ಶೆಟ್ಟಿಹಳ್ಳಿಯ ಚರ್ಚನ್ನು ಅಂಗೈ ಮೇಲೆ ಕೂರಿಸಿದ್ದಾನೆ. 1860ರ ದಶಕದ ಚರ್ಚು ಅದು, ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುತ್ತಾ ಕಷ್ಟದಲ್ಲಿ ಕಾಲ ಹಾಕುತ್ತಿದೆ. ಇವನ ಕೈಯಲ್ಲಿ ಪೇಪರ್‌ವೇಟ್ ಥರ ಕಾಣುತ್ತದೆ. ವಿದ್ಯೆ ಇಷ್ಟೇ: ಕೈ ಲೆನ್ಸಿಗೆ ಹತ್ತಿರ ಇರಬೇಕು, ಚರ್ಚು ದೂರ ಇರಬೇಕು. ನಡುವಿನ ಬಯಲು ಫೋಟೊದಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಆ ಹುಡುಗನಿಗೆ ನನ್ನ ‘ಬಗೆಹರಿದ’ ಫೋಟೊ ತೋರಿಸಿದೆ. ಬಹಳ ಹೊತ್ತು ಹಿಗ್ಗಿಸಿ, ಕುಗ್ಗಿಸಿ ನೋಡಿದ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ಮಾವ, ಇದನ್ನ ತೆಗೆದವರು ಯಾರು? ನಾನು ಅವರ ಹತ್ರ ಹೋಗಿ ಕಲೀಬೇಕು.”

ನನ್ನನ್ನು ರಸ್ತೆಗೆ ಕರೆದುಕೊಂಡು ಹೋಗಿ ಬೋರಲು ಮಲಗಿಸಿದ. ಕೆನ್ನೆ ನೆಲಕ್ಕೆ ತಾಗಿಸಿ ನೋಡಿದೆ. ದೇವರಾಣೆಗೂ ಗುಂಡಿ ಇಲ್ಲ! ಈ ಕಡೆಯ ಅಂಚು ಆ ಕಡೆಯ ಅಂಚಿಗೆ ಕೂಡಿಕೊಂಡು ಡಾಂಬರು ಒಂದೇ ಸಮ. ಒಳಗಿನ ನೀರು ಬರೀ ಒಂದು ಬೆಳ್ಳಿ ಗೆರೆ. ಫೋನನ್ನು ತಲೆಕೆಳಗಾಗಿ ಹಿಡಿದರೆ ಲೆನ್ಸು ನೆಲಕ್ಕೆ ಇನ್ನೂ ಹತ್ತಿರ ಬಂದು, ಆ ಗೆರೆಯೂ ಹೋಗುತ್ತದಂತೆ. ಎದುರು ಮನೆಯವರು ಗೇಟಿನಿಂದ, “ಏನ್ ಸಾರ್, ಬಿದ್ದುಬಿಟ್ರಾ?” ಅಂದರು. “ಇಲ್ಲ, ರಸ್ತೆ ಚೆನ್ನಾಗಾಗಿದೆ, ನೋಡ್ತಿದ್ದೀನಿ” ಅಂದೆ. ಅವರು ಒಳಗೆ ಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದರು.

ಸಕಲೇಶಪುರದ ಮಂಜರಾಬಾದ್ ಕೋಟೆ ಗೊತ್ತಲ್ಲ? ಟಿಪ್ಪು 1792ರಲ್ಲಿ ಕಟ್ಟಿಸಿದ್ದು. ಮೇಲಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರ, ನೆಲದಿಂದ ನೋಡಿದರೆ ಬರೀ ಗೋಡೆ. ನಮ್ಮ ಗುಂಡಿ ಅದರ ಉಲ್ಟಾ. ಮೇಲಿಂದ ನೋಡಿದರೆ ಗುಂಡಿ, ನೆಲದಿಂದ ನೋಡಿದರೆ ಹೆದ್ದಾರಿ. ಅಂದರೆ ರಸ್ತೆಯಲ್ಲಿ ಏನೂ ಕೆಟ್ಟಿಲ್ಲ, ನಮ್ಮ ಎತ್ತರದಲ್ಲೇ ದೋಷ. ಹಾಲಿನ ಹುಡುಗ ಇರುವೆಯಷ್ಟು ತಗ್ಗಿನಲ್ಲಿ ಬೈಕ್ ಓಡಿಸಿದ್ದರೆ ಬೀಳುತ್ತಲೇ ಇರಲಿಲ್ಲ.

ಅಂದಿನಿಂದ ನನಗೆ ಹೊಸ ಕಣ್ಣು ಬಂದಿದೆ. ಜೂನ್ 5ರಂದು ಗೇಣುದ್ದದ ಹೊಂಗೆ ಸಸಿಯನ್ನು ಲೆನ್ಸಿನ ಮೂತಿಗೆ ತಂದು ಫೋಟೊ ಹೊಡೆಯುತ್ತಾರಲ್ಲ, ಹಿಂದೆ ನಿಂತ ದೊಡ್ಡವರೆಲ್ಲ ಅದರ ನೆರಳಲ್ಲಿ ನಿಂತ ಹಾಗೆ ಕಾಣುತ್ತಾರೆ. ಮುಂದಿನ ಜೂನ್‌ಗೆ ಅದೇ ಗುಂಡಿಯಲ್ಲಿ ಇನ್ನೊಂದು ಸಸಿ. ಊರಲ್ಲಿ ಹೇಳಿದ ದಿನಕ್ಕೇ ಮುಚ್ಚುವ ಗುಂಡಿ ಅಂದರೆ ಅದೊಂದೇ. ಅಕ್ಟೋಬರ್ 2ಕ್ಕೆ ಪೋರ್ಟ್ರೇಟ್ ಮೋಡ್. ಹೊಸ ಪೊರಕೆ ಹಿಡಿದವರ ಮುಖದಲ್ಲಿ ಒಂದೊಂದು ಮೀಸೆ ಕೂದಲೂ ಎಣಿಸುವ ಹಾಗಿರುತ್ತದೆ. ಹಿಂದಿನ ಕಸದ ರಾಶಿ ಬೆಣ್ಣೆಯಂತೆ ಕರಗಿ ಬಣ್ಣದ ಮಂಜಾಗಿರುತ್ತದೆ. ಕಸ ವಿಲೇವಾರಿಗೆ ಲಾರಿ ಬೇಕು ಅಂತ ಯಾಕೆ ಸುಮ್ನೆ ಒದ್ದಾಡುತ್ತಾರೋ.

ಪನೋರಮಾದ ಆಟವಂತೂ ಕಾಲೇಜು ಹುಡುಗರಿಗೆಲ್ಲ ಗೊತ್ತು. ಫೋಟೊ ತೆಗೆಯುವವನು ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗುತ್ತಾನೆ. ಎಡಗಡೆ ನಿಂತವನು, ಕ್ಯಾಮೆರಾ ತನ್ನನ್ನು ದಾಟಿದ ಕೂಡಲೇ, ಬೆನ್ನ ಹಿಂದಿನಿಂದ ಓಡಿ ಬಲಗಡೆ ನಿಂತುಕೊಳ್ಳುತ್ತಾನೆ. ಒಬ್ಬನೇ ಇಬ್ಬರಾಗುತ್ತಾನೆ. ಬೇಲೂರಿನ ಶಿಲ್ಪಿಗಳಿಗೆ ಈ ವಿದ್ಯೆ ತಿಳಿದಿದ್ದರೆ ಒಬ್ಬಳೇ ಶಿಲಾಬಾಲಿಕೆಯನ್ನು ಕೆತ್ತಿ, ಅವಳನ್ನೇ ಹೊತ್ತುಕೊಂಡು ಓಡಿ ಓಡಿ 42 ಮಾಡಿ, ವಿಷ್ಣುವರ್ಧನನಿಗೆ ‘ಕಾಮಗಾರಿ ಪೂರ್ಣ’ ಅಂತ ಕಳಿಸುತ್ತಿದ್ದರು. ಪಾಪ, ಉಳಿ ಹಿಡಿದುಕೊಂಡು ಕೂತರು.

ಆದರೆ ಇದರಲ್ಲಿ ನಮ್ಮೂರೇ ಮುಂದೆ ಅಂತ ಬೀಗುವ ಹಾಗಿಲ್ಲ. ನರೇಗಾ ಕೆಲಸಕ್ಕೆ 2023ರ ಜನವರಿಯಿಂದ ಆ್ಯಪ್‌ನಲ್ಲೇ ಹಾಜರಿ ಕಡ್ಡಾಯವಾಯಿತು. ದಿನಕ್ಕೆ ಎರಡು ಫೋಟೊ, ಜಾಗ ಮತ್ತು ಸಮಯದ ಮುದ್ರೆ ಸಮೇತ. ಇನ್ನು ಕಳ್ಳಾಟ ನಡೆಯೋದಿಲ್ಲ ಅಂದುಕೊಂಡರು. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಏನೇನು ನಡೆಯುತ್ತಿದೆ ಅಂತ ಪಟ್ಟಿ ಕೊಟ್ಟಿತು. ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೊಗಳು. ಅದೇ ಜನರ ಫೋಟೊ ಬೇರೆ ಬೇರೆ ಹಾಜರಿ ಪಟ್ಟಿಗೆ. ಪಟ್ಟಿಯಲ್ಲಿರುವ ಗಂಡಸು ಹೆಂಗಸರ ಲೆಕ್ಕಕ್ಕೂ ಫೋಟೊದಲ್ಲಿರುವ ಲೆಕ್ಕಕ್ಕೂ ತಾಳೆ ಇಲ್ಲ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ‘ಫೋಟೊದ ಫೋಟೊ’. ಕೂಲಿಯವರು ಎದುರಿಗೆ ಇರಬೇಕಿಲ್ಲ. ಅವರ ಹಳೇ ಫೋಟೊ ಇದ್ದರೆ ಸಾಕು, ಅದನ್ನೇ ಹಿಡಿದು ಕ್ಲಿಕ್. ನಮ್ಮ ಹುಡುಗ ಇದನ್ನು ಕೇಳಿ ತಲೆ ತಗ್ಗಿಸಿದ. “ನಾವಿನ್ನೂ ಸೂರ್ಯನನ್ನ ಚಿವುಟೋದರಲ್ಲೇ ಇದ್ದೀವಿ ಮಾವ” ಅಂದ. ಇನ್ನು ನಿಜಕ್ಕೂ ಮಣ್ಣು ಹೊತ್ತವಳ ಫೋಟೊ ನೆಟ್‌ವರ್ಕ್ ಇಲ್ಲದೆ ಮೇಲೆ ಹೋಗದಿದ್ದರೆ ಅವಳ ಕೂಲಿಗೇ ಕುತ್ತು. ಕರಾಮತ್ತು ಕಲಿಯದೆ ಬರೀ ಗುದ್ದಲಿ ಹಿಡಿದದ್ದು ಅವಳದೇ ತಪ್ಪು, ಅಲ್ವಾ?

ಗುಂಡಿಯ ಬಗ್ಗೆ ನಾನು ಎರಡನೇ ಸಲ ದೂರು ಕೊಟ್ಟೆ. ನಾಲ್ಕೇ ದಿನಕ್ಕೆ ಬಗೆಹರಿಯಿತು. ಈ ಸಲ ಬಂದದ್ದು ಮೊದಲ ಫೋಟೊದ ಫೋಟೊ. ಮೂಲೆಯಲ್ಲಿ ಯಾರದೋ ಹೆಬ್ಬೆರಳು, ಪಕ್ಕದಲ್ಲಿ ಕಾಫಿ ಲೋಟ.

ಹೋದ ವಾರ ಮನೆ ಕಂದಾಯದ ನೋಟೀಸ್ ಬಂತು. ಬಾಕಿ 4,280 ರೂಪಾಯಿ. ನಾನು ಒಂದು ಹತ್ತರ ನೋಟನ್ನು ಲೆನ್ಸಿನ ಹತ್ತಿರ ಹಿಡಿದೆ. ಹಿಂದೆ ನಮ್ಮ ಮನೆ ಬರುವ ಹಾಗೆ ನೋಡಿಕೊಂಡೆ. ನೋಟು ಮನೆಗಿಂತ ದೊಡ್ಡದಾಗಿ, ತುಂಬಾ ಚೆನ್ನಾಗಿ ಬಂತು. ‘ಬಾಕಿ ಸಂದಾಯವಾಗಿದೆ’ ಅಂತ ಬರೆದು ನೋಟೀಸಿನಲ್ಲಿದ್ದ ನಂಬರಿಗೆ ಕಳಿಸಿದೆ.

ಹತ್ತು ನಿಮಿಷಕ್ಕೇ ಫೋನು. ಗುಂಡಿಗೆ ಒಂಬತ್ತು ದಿನ ಬೇಕಾಗಿತ್ತು.

“ಏನ್ ಸಾರ್ ಇದು, ತಮಾಷೆ ಮಾಡ್ತಿದ್ದೀರಾ? ಇದು ಹತ್ತು ರೂಪಾಯಿ.”

“ನೀವು ಕೂತು ನೋಡ್ತಿದ್ದೀರೇನೋ ಸಾರ್” ಅಂದೆ. “ಒಂದ್ಸಲ ಕೆಳಗೆ ಬೋರಲು ಮಲಗಿ ನೋಡಿ, ಪೂರ್ತಿ ಕಾಣುತ್ತೆ.”