ಒಂದೇ ಡೈ ಸಾಕಾ? ಕೆಲವಕ್ಕೆ ಸಾಕು, ಕೆಲವಕ್ಕೆ ಮುಟ್ಟಲೇಬಾರದು

ಅಮೆರಿಕ, ನ್ಯೂಜಿಲೆಂಡ್ ಕಡೆ ಇರುವ ನಮ್ಮ ಮಂಗಳೂರು, ಉಡುಪಿಯ ಹುಡುಗರು ಶೂಟಿಂಗ್ ಕ್ಲಬ್ ಸೇರಿದ ಮೇಲೆ ಕೇಳುವುದು ಒಂದೇ: ಹಾರಿಸಿದ ತೋಟೆಯ ಖಾಲಿ ಕೇಸನ್ನು ಮತ್ತೆ ಅಳತೆಗೆ ತರಲು ಪ್ರತಿಯೊಂದಕ್ಕೂ ಬೇರೆ ಡೈ (ಪ್ರೆಸ್ಸಿನಲ್ಲಿ ಕೂರಿಸಿ ಕೇಸನ್ನು ಒತ್ತುವ ಅಚ್ಚು) ಬೇಕಾ, ಒಂದರಲ್ಲೇ ಸುಧಾರಿಸಬಹುದಾ?

ಊರಲ್ಲಿ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಡಿಕೆ ತೋಟದ ಹಂದಿ ಓಡಿಸುವ ಕೋವಿಗೆ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಮನೆಯಲ್ಲಿ ತೋಟೆ ತಯಾರಿಸಬಹುದು ಅಂತಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ತಯಾರಿಕೆಗೆ ಬೇರೆಯೇ ಲೈಸೆನ್ಸ್ ಬೇಕು. ಈ ಬರಹ ಕಾನೂನು ಅನುಮತಿಸುವ ಕಡೆ ಇರುವವರಿಗೆ.

ನೇರ ಗೋಡೆಯ ರಿವಾಲ್ವರ್ ಕೇಸ್ ಆದರೆ ಧಾರಾಳವಾಗಿ ಒಂದೇ ಡೈ ಬಳಸಿ. .38 ಸ್ಪೆಷಲ್ ಮತ್ತು .357 ಮ್ಯಾಗ್ನಮ್ ಒಂದು ಜೋಡಿ, .44 ಸ್ಪೆಷಲ್ ಮತ್ತು .44 ಮ್ಯಾಗ್ನಮ್ ಇನ್ನೊಂದು. ಒಂದು ಜೋಡಿಯೊಳಗೆ ಎರಡರ ವ್ಯಾಸವೂ ಒಂದೇ, ಉದ್ದ ಮಾತ್ರ ಬೇರೆ. ಕೇಸನ್ನು ಒತ್ತುವ ಗಟ್ಟಿ ಬಳೆ, ಅಂದರೆ ಕಾರ್ಬೈಡ್ ರಿಂಗ್, ಇರುವುದು ಡೈಯ ಬಾಯಲ್ಲೇ. ಕೇಸ್ ಅದರೊಳಗೆ ನುಗ್ಗುವಾಗಲೇ ಒತ್ತಿಸಿಕೊಳ್ಳುತ್ತದೆ, ಗಿಡ್ಡ ಉದ್ದ ಅದಕ್ಕೆ ಲೆಕ್ಕವಿಲ್ಲ. ಹಳೇ ಪ್ರೈಮರ್ (ಬುಡದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ತಳ್ಳುವ ಪಿನ್ನಿನ ಲೆಕ್ಕವೂ ಕೇಸಿನ ಬುಡದಿಂದಲೇ ಆದ್ದರಿಂದ ಸೆಟ್ಟಿಂಗ್ ಮುಟ್ಟುವುದೇ ಬೇಡ. ಕಾರ್ಬೈಡ್ ರಿಂಗ್ ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರಿಗೆ ಬಡಿಯಬಾರದು, ಒಡೆದುಹೋಗುತ್ತದೆ; ಮಧ್ಯೆ ಒಂದು ವಿಸಿಟಿಂಗ್ ಕಾರ್ಡಿನಷ್ಟು ಸಂದಿ ಬಿಡಿ.

ಇದು ಸೆಟ್ಟಿನ ಮೊದಲ ಡೈ ಮಾತ್ರ; ತಲೆನೋವು ಶುರುವಾಗುವುದು ಮುಂದಿನ ಎರಡು ಡೈಗಳಲ್ಲಿ. ಬಾಯಿ ಅಗಲಿಸುವುದು, ಗುಂಡು ಕೂರಿಸಿ ಕ್ರಿಂಪ್ ಮಾಡುವುದು (ಬಾಯಿ ಒಳಕ್ಕೆ ಒತ್ತಿ ಗುಂಡು ಬಿಗಿಯುವುದು) ಎರಡೂ ಕೇಸಿನ ಬಾಯಿಯ ಎತ್ತರ ನೋಡಿಕೊಂಡು ನಡೆಯುವ ಕೆಲಸ. .38ರ ಗರಿಷ್ಠ ಉದ್ದ 1.155 ಇಂಚು, .357ರದ್ದು 1.290. ವ್ಯತ್ಯಾಸ 0.135 ಇಂಚು, ಅಂದರೆ 3.43 ಮಿಲಿಮೀಟರ್. ಡೈಯ ಹೊರ ಥ್ರೆಡ್ ಇಂಚಿಗೆ 14, ಹಾಗಾಗಿ ಒಂದು ಸುತ್ತಿಗೆ 1.81 ಮಿಲಿಮೀಟರ್, ಎರಡು ಸುತ್ತಿಗೆ ಸ್ವಲ್ಪ ಕಡಿಮೆ ತಿರುಗಿಸಬೇಕು. ಪ್ರತಿಸಲ ಅಂದಾಜಿನಲ್ಲಿ ತಿರುಗಿಸುವ ಬದಲು ಡೈಯನ್ನು .38ಕ್ಕೆ ಸೆಟ್ ಮಾಡಿ ಲಾಕ್ ರಿಂಗ್ (ಡೈಯ ಎತ್ತರ ಹಿಡಿದಿಡುವ ಹೊರಗಿನ ಬಳೆ) ಬಿಗಿದಿಡಿ, .357ಕ್ಕೆ ಲಾಕ್ ರಿಂಗಿನ ಕೆಳಗೆ 3.43 ಮಿಲಿಮೀಟರ್ ದಪ್ಪದ ಸ್ಪೇಸರ್ ಹಾಕಿ. ಮಂಗಳೂರಿನ ಬೈಕಂಪಾಡಿಯ ಯಾವುದೇ ಲೇತಿನವನಿಗೆ ಇದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಒಳವ್ಯಾಸ 22.5 ಮಿಲಿಮೀಟರ್ ಇರಲಿ, ಎರಡು ಮುಖ ಸಮಾನಾಂತರವಾಗಿರಲಿ. ಆದರೆ ಕೇಸುಗಳನ್ನು ಒಂದೇ ಉದ್ದಕ್ಕೆ ಟ್ರಿಮ್ ಮಾಡದಿದ್ದರೆ ಸ್ಪೇಸರ್ ಎಷ್ಟು ಚಂದ ಇದ್ದರೂ ಕ್ರಿಂಪ್ ಒಂದು ಬಿಗಿ, ಒಂದು ಸಡಿಲ.

ಇನ್ನೊಂದು, ಡೈ ಒಂದೇ ಅಂತ ಮದ್ದಿನ ಲೆಕ್ಕ ಒಂದೇ ಅಲ್ಲ ಮಾರಾಯ್ರೆ! ಅಮೆರಿಕದ ತೋಟೆ ತಯಾರಕರ ಸಂಸ್ಥೆ ಸಾಮಿಯ (SAAMI) ಮಾನದಂಡದಲ್ಲಿ .38ರ ಒತ್ತಡದ ಮಿತಿ 17,000 ಪಿಎಸ್‌ಐ, .357ರದ್ದು 35,000. ಪ್ರತಿಯೊಂದಕ್ಕೂ ಅದರದ್ದೇ ಕೈಪಿಡಿ ಲೆಕ್ಕ.

ಬಾಯಿಯ ಕಡೆ ಸಪುರವಾಗಿ ಕುತ್ತಿಗೆ ಇರುವ ರೈಫಲ್ ಕೇಸಿಗೆ ಬಂದರೆ ನನ್ನ ಮಾತು ಉಲ್ಟಾ. .308 ವಿಂಚೆಸ್ಟರ್, .243, 7 ಎಂಎಂ-08 ಮೂರರ ಬುಡ, ಮೈ, 20 ಡಿಗ್ರಿ ಭುಜ (ಮೈ ಕುತ್ತಿಗೆಗೆ ಸೇರುವ ಇಳಿಜಾರು) ಎಲ್ಲ ಒಂದೇ, ಕುತ್ತಿಗೆ ಮಾತ್ರ ಬೇರೆ. .308ರ ಡೈಯೊಳಗೆ .243 ಕೇಸ್ ಹಾಕಿದರೆ ಮೈ ಸರಿಯಾಗಬಹುದು, ಕುತ್ತಿಗೆಗೆ ಡೈ ತಾಗುವುದೇ ಇಲ್ಲ. ಒಳಗಿನ ಎಕ್ಸ್‌ಪ್ಯಾಂಡರ್ ರಾಡ್ (ಕುತ್ತಿಗೆ ಒಳಗಿಂದ ಅಗಲಿಸುವ ಸರಳು) ತೆಗೆಯಲು ಮರೆತರೆ ಅದರ .30 ಗಾತ್ರದ ಉಂಡೆ .243ರ ಬಾಯಿಗೆ ನುಗ್ಗಿ ಕೇಸ್ ಮುದುಡಿ ಗುಜರಿಗೆ. ತಿರುಗಾಮುರುಗಾ ಮಾಡಿ .243ರ ಡೈಗೆ .308 ಕೇಸ್ ಹಾಕಿದರೆ ಅದು ರಿಸೈಜ್ ಅಲ್ಲ, ಕೇಸಿನ ಜಾತಿಯನ್ನೇ ಬದಲಿಸುವ ಕೆಲಸ.

ನಿಜವಾದ ಅಪಾಯ .30-06 ಕುಟುಂಬದಲ್ಲಿದೆ. 1957ರ .280 ರೆಮಿಂಗ್ಟನ್ನಿನ ಭುಜ ತಾಯಿ .30-06ಗಿಂತ ಸುಮಾರು 0.05 ಇಂಚು ಮುಂದಿದೆ. ".30-06ರ ಡೈಯಲ್ಲೇ ಮೈ ಒತ್ತಿಕೊಳ್ಳೋಣ" ಎಂದು ಹೊರಟರೆ ಭುಜ ಅಷ್ಟೂ ಹಿಂದೆ ಹೋಗುತ್ತದೆ. ಕಣ್ಣಿಗೆ ಕೇಸ್ ಚಂದವೇ ಕಾಣುತ್ತದೆ, ಚೇಂಬರಿನಲ್ಲೂ ಸಲೀಸಾಗಿ ಕೂರುತ್ತದೆ. ಹಾರಿಸಿದಾಗ ಮುಂಭಾಗ ಚೇಂಬರಿನ ಗೋಡೆ ಹಿಡಿದುಕೊಳ್ಳುತ್ತದೆ, ಬುಡ ಹಿಂದಕ್ಕೆ ಬೋಲ್ಟಿಗೆ ಒರಗುತ್ತದೆ. ನಡುವಿನ ಹಿತ್ತಾಳೆ ಹಿಗ್ಗಿ ತೆಳುವಾಗುತ್ತದೆ. ಬುಡ ಕಿತ್ತು ಬಂದರೆ ಬಿಸಿ ಗ್ಯಾಸ್ ಹಿಂದಕ್ಕೆ, ಹಾರಿಸುವವನ ಮುಖದ ಕಡೆಗೆ. ಸಂಶಯವಿದ್ದರೆ ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ, ತುದಿ ಒಂದಿಷ್ಟು ಬಗ್ಗಿಸಿ ಚೂಪು ಮಾಡಿ ಒಳಗೋಡೆಯ ಮೇಲೆ ಬುಡದಿಂದ ಮೇಲಕ್ಕೆ ಎಳೆದು ನೋಡಿ. ಬುಡದ ಸ್ವಲ್ಪ ಮೇಲೆ ತುದಿ ಗೀರಿನೊಳಗೆ ಬಿದ್ದಂತೆ ಸಿಕ್ಕಿಕೊಂಡರೆ ಆ ಕೇಸ್ ಜಜ್ಜಿ ಎಸೆಯಿರಿ. ಹೊರಗೆ ಅದೇ ಜಾಗದಲ್ಲಿ ಹೊಳೆಯುವ ಗೆರೆ ಕಂಡರೂ ಅಷ್ಟೇ.

ಹಣ ಉಳಿಸಲೇಬೇಕು ಅನ್ನುವವರು .308 ಸಾಲಿಗೆ ಒಂದು ಬಾಡಿ ಡೈ ಕೊಳ್ಳಲಿ. ಮೈ ಒತ್ತಿ ಭುಜ ತಳ್ಳುತ್ತದೆ, ಕುತ್ತಿಗೆ ಮುಟ್ಟುವುದಿಲ್ಲ. ಕುತ್ತಿಗೆಗೆ ಆಯಾ ಕ್ಯಾಲಿಬರಿನ ನೆಕ್ ಡೈ. ಬೋಲ್ಟ್ ರೈಫಲ್ ಆದರೆ ಭುಜ 0.002 ಇಂಚಿನಷ್ಟು ಹಿಂದೆ ಹೋದರೆ ಸಾಕು; ಕಂಪೇರೇಟರ್ (ಭುಜದ ಜಾಗ ಅಳೆಯುವ ಸಾಧನ) ಹಾಕಿ ಅಳೆಯಿರಿ, ಅಂದಾಜು ಬೇಡ. ರೈಫಲ್ ಕೇಸುಗಳಿಗೆ ಲೂಬ್ (ಜಾರಿಸುವ ಲೇಪ) ಕಡ್ಡಾಯ: ಕಡಿಮೆಯಾದರೆ ಕೇಸ್ ಡೈಯಲ್ಲೇ ಕಚ್ಚಿಕೊಳ್ಳುತ್ತದೆ, ಜಾಸ್ತಿಯಾದರೆ ಭುಜದ ಮೇಲೆ ತಗ್ಗು ಬೀಳುತ್ತದೆ.