ಎರಡು ನಲವತ್ತಕ್ಕೆ ಬೆಳಗಾಯಿತು

ನಿನ್ನೆ ರಾತ್ರಿ ಎರಡು ನಲವತ್ತಕ್ಕೆ ನಮ್ಮ ಮನೆಯಲ್ಲಿ ಬೆಳಗಾಯಿತು. ಬೆಂಗಳೂರಿನ ಮಿಕ್ಕವರಿಗೆಲ್ಲ ಎಂದಿನಂತೆ ಆರು ಗಂಟೆಗೇ ಆಗಿದೆ. ನಿದ್ದೆಗೆಟ್ಟು ಕಣ್ಣು ಉರಿಯುತ್ತಿದೆ. ಆ ಉರಿ ಆರುವ ಮುಂಚೆ ಬರೆದುಬಿಡೋಣ ಅಂತ ಕೂತಿದ್ದೇನೆ. ತಪ್ಪು ಅತ್ತೆಯದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಎರಡೂವರೆ ಬಿ.ಎಚ್.ಕೆ. ಫ್ಲ್ಯಾಟು. ಆ ಅರ್ಧ ಅಂದರೆ ಏನು ಅಂತ ಈ ಊರಲ್ಲಿ ಮನೆ ಹುಡುಕಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಆರಡಿ ಅಗಲ, ಏಳಡಿ ಉದ್ದ, ಒಂದು ಬಾಗಿಲು. ಕಿಟಕಿ ಇಲ್ಲ. ಬ್ರೋಷರಿನಲ್ಲಿ ಅದರ ಹೆಸರು 'ಸ್ಟಡಿ', ನಕ್ಷೆಯಲ್ಲಿ 'ಸ್ಟೋರ್'. ಜನ ವಾಸ ಮಾಡುವ ಕೋಣೆಗೆ ಇಂತಿಷ್ಟು ಕಿಟಕಿ ಇರಬೇಕು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಒಣ ಸೆಖೆಯ ಊರಾದರೆ ನೆಲದ ಹತ್ತನೇ ಒಂದು ಪಾಲು, ಒದ್ದೆ ಸೆಖೆಯ ಊರಾದರೆ ಆರನೇ ಒಂದು ಪಾಲು. ಅಕ್ಕಿ ಮೂಟೆಗೆ ಗಾಳಿ ಬೆಳಕು ಬೇಕು ಅಂತ ಯಾರೂ ಕೇಳುವುದಿಲ್ಲವಲ್ಲ. ಹಾಗಾಗಿ ಕಾಗದದ ಮೇಲೆ ಅಲ್ಲಿ ಅಕ್ಕಿ ಮೂಟೆ ಮಲಗುತ್ತದೆ. ಮನೆಯಲ್ಲಿ, ಸಾಗರದಿಂದ ಬಂದ ನಮ್ಮತ್ತೆ ಮಲಗುತ್ತಾರೆ.

"ಕೋಣೆ ದೊಡ್ಡದಾಗೋಕೆ ಗೋಡೆ ಒಡೀಬೇಕಿಲ್ಲ ಕಣೇ, ಲೈಟಿಂಗ್ ಸರಿ ಇದ್ರೆ ಸಾಕು" ಅಂತ ಇವರು ಒಂದು ಭಾನುವಾರ ಘೋಷಿಸಿದರು. ಯೂಟ್ಯೂಬಿನಲ್ಲಿ ಯಾರೋ ಹೇಳಿದ್ದಂತೆ. ಸುಳ್ಳೇನಲ್ಲ ಅದು. ನಡುವೆ ಒಂದೇ ಬಲ್ಬು ನೇತುಹಾಕಿದರೆ ಮೂಲೆಗಳು ಕಪ್ಪಾಗಿ ಉಳಿಯುತ್ತವೆ. ಕತ್ತಲೆ ಶುರುವಾದ ಕಡೆ ಕಣ್ಣಿಗೆ ಕೋಣೆ ಮುಗಿಯಿತು. ಅದೇ ಬೆಳಕನ್ನು ಗೋಡೆಯ ಮೇಲೆ ಹರಿಸಿದರೆ ಗೋಡೆ ಹಿಂದೆ ಸರಿದ ಹಾಗೆ ಕಾಣುತ್ತದೆ. ಸೂರಿನ ಅಂಚಿನಲ್ಲಿ ಬಚ್ಚಿಟ್ಟು ಮೇಲಕ್ಕೆ ಬಿಟ್ಟರೆ ಸೂರು ಎತ್ತರವಾಗುತ್ತದೆ. ಆದರೆ ಹಾಗೆ ಬಚ್ಚಿಡಲು ಫಾಲ್ಸ್ ಸೀಲಿಂಗ್ ಬೇಕು. ಅದಕ್ಕಾಗಿ ಸೂರನ್ನು ಐದಿಂಚು ಕೆಳಗಿಳಿಸಿದರು. ಎತ್ತರ ಕಾಣಲಿ ಅಂತ!

ನಾಲ್ಕು ಭಾನುವಾರ, ಲೈಟಿನ ಅಂಗಡಿಗಳು ಸಾಲುಗಟ್ಟಿರುವ ಎಸ್.ಜೆ.ಪಿ. ರಸ್ತೆ ಸುತ್ತಿದೆವು. ಪಕ್ಕದಲ್ಲೇ ಕೆ.ಆರ್. ಮಾರ್ಕೆಟ್. ಬೆಂಗಳೂರಿನ ಮೊದಲ ಕರೆಂಟು ಬೀದಿದೀಪ 1905ರಲ್ಲಿ ಹತ್ತಿದ್ದು ಆ ಜಾಗದಲ್ಲಿ. ಶಿವನಸಮುದ್ರದಿಂದ ತಂತಿಯಲ್ಲಿ ಬಂದ ಬೆಳಕು. ಅವತ್ತು ಅದನ್ನು ನೋಡಿದವರು 'ವಾರ್ಮಾ, ಕೂಲಾ' ಅಂತ ಕೇಳಿರಲಾರರು. ನಮ್ಮವರು ಪ್ರತಿ ಅಂಗಡಿಯಲ್ಲೂ ಕೇಳಿದರು. ಬೆಳಕಿನ ಬಣ್ಣ ಅಳೆಯುವುದು ಕೆಲ್ವಿನ್‌ನಲ್ಲಂತೆ. ಮೂರು ಸಾವಿರ ಕೆಲ್ವಿನ್ ಅಂದರೆ ಹಳದಿ, ಆರೂವರೆ ಸಾವಿರ ಅಂದರೆ ಬೆಳ್ಳಗೆ ನೀಲಿ ಛಾಯೆ. ಸಂಖ್ಯೆ ಏರಿದಷ್ಟೂ ಬೆಳಕು ತಣ್ಣಗಂತೆ, ಅದು ಯಾವ ಲೆಕ್ಕವೋ! ಆಮೇಲೆ ನನ್ನ ತಂಗಿಯ ಮಗಳ ನಾಮಕರಣಕ್ಕೆ ಹೋದಾಗ ಎಲ್ಲರೂ ಮಗು ನೋಡುತ್ತಿದ್ದರೆ ಇವರು ಸೂರು ನೋಡಿ, "ಆರೂವರೆ ಸಾವಿರ, ಆಸ್ಪತ್ರೆ ಥರ ಇದೆ" ಅಂದರು. ತಂಗಿ ಇವತ್ತಿಗೂ ಸರಿಯಾಗಿ ಮಾತಾಡುವುದಿಲ್ಲ.

ಕೊನೆಗೆ ಬಂದದ್ದು ಕಿಟಕಿ. ಎರಡಡಿಗೆ ಮೂರಡಿ ಎಲ್ಇಡಿ ಪ್ಯಾನೆಲ್, ಮೇಲೆ ಆಕಾಶದ ಚಿತ್ರ. ಮೂರು ಮೋಡ, ಮೂಲೆಯಲ್ಲಿ ಒಂದು ತೆಂಗಿನ ಗರಿ. ಸುತ್ತ ಮರದ ಚೌಕಟ್ಟು, ಇಳಿಬಿಟ್ಟ ಪರದೆ, ಕೈಗೊಂದು ರಿಮೋಟು. ಎದುರು ಗೋಡೆಗೆ ಕನ್ನಡಿ. ಹಾಗಾಗಿ ಈಗ ಎರಡು ಕಿಟಕಿ. ಒಳಗೆ ಹೋದರೆ ಎರಡೆರಡು ಗಂಡಂದಿರು.

ಅತ್ತೆ ಬಂದ ದಿನ ಪರದೆ ಸರಿಸಿ ಚೌಕಟ್ಟನ್ನೆಲ್ಲ ತಡವಿದರು. "ಚಿಲಕ ಎಲ್ಲಿಟ್ಟಿದ್ದಾರೆ ಇದಕ್ಕೆ?" ಅಂದರು. ಚಿಲಕ ಇಲ್ಲ ಅಂತ ಗೊತ್ತಾದ ಮೇಲೆ ಒದ್ದೆ ಟವೆಲನ್ನು ಅದರ ಮೇಲೇ ಹರವಿದರು. ಮಾರನೇ ದಿನ ಅದು ಮಿಣುಕತೊಡಗಿತು. ಎಲೆಕ್ಟ್ರಿಷಿಯನ್ ಬಂದು "ಡ್ರೈವರ್ ಹೋಗಿದೆ ಮೇಡಂ" ಅಂದ. ಅತ್ತೆ ಅಡುಗೆಮನೆಯಿಂದಲೇ "ಯಾವ ಊರಿಗೆ?" ಅಂತ ಕೇಳಿದರು. ಡ್ರೈವರ್, ಅಂದರೆ ಪ್ಯಾನೆಲಿಗೆ ಕರೆಂಟು ಹದ ಮಾಡಿ ಕೊಡುವ ಡಬ್ಬಿ, ಬದಲಾಯಿತು. ಆಕಾಶ ಮತ್ತೆ ಹತ್ತಿತು.

ಇನ್ನು ನಿನ್ನೆ ರಾತ್ರಿಯ ಕಥೆ.

ರಿಮೋಟು ದಿಂಬಿನ ಪಕ್ಕ ಇತ್ತು. ಮಗ್ಗುಲು ಬದಲಿಸುವಾಗ ಮೊಣಕೈ ತಾಗಿರಬೇಕು. ಅತ್ತೆ ಕಣ್ಣು ಬಿಟ್ಟರೆ ಎದುರಿಗೆ ನೀಲಿ ಆಕಾಶ, ಬಿಳಿ ಮೋಡ, ಝಗಝಗ ಹಗಲು. ಅಯ್ಯೋ ಹೊತ್ತೇರಿಬಿಟ್ಟಿತು, ಸೊಸೆ ಏನಂದುಕೊಂಡಾಳು ಅಂತ ದಡಬಡಿಸಿ ಎದ್ದಿದ್ದಾರೆ. ಹಾಲಿಗೆ ಬಂದರೆ ಇವರೇ ಹಾಕಿಸಿದ ದಪ್ಪ ಪರದೆ. ಅದರಾಚೆ ಸೂರ್ಯನೋ ಚಂದ್ರನೋ ಯಾರಿಗೂ ತಿಳಿಯದು. ಬಚ್ಚಲಿಗೆ ಕಿಟಕಿ ಇಲ್ಲ. ಅಡುಗೆಮನೆಯ ಕಿಟಕಿ ತೆರೆದುಕೊಳ್ಳುವುದು ಪೈಪು ಇಳಿಯುವ ಕೊಳವೆಯಂಥ ಸಂದಿಗೆ, ಅಲ್ಲಿ ಮಧ್ಯಾಹ್ನವೂ ಕತ್ತಲೆ. ಒಟ್ಟಿನಲ್ಲಿ ಆ ಪ್ಲಾಸ್ಟಿಕ್ ಆಕಾಶವನ್ನು ಸುಳ್ಳು ಅನ್ನುವ ಸಾಕ್ಷಿ ಮನೆಯಲ್ಲಿ ಎಲ್ಲೂ ಇಲ್ಲ. ಗೋಡೆ ಗಡಿಯಾರವೊಂದಿತ್ತು. ಕನ್ನಡಕ ಕೋಣೆಯಲ್ಲೇ ಉಳಿದಿತ್ತು.

ಶುಕ್ರವಾರವಲ್ವಾ, ತಲೆಗೆ ಸ್ನಾನ ಮಾಡಿದರು. ದೇವರಿಗೆ ದೀಪ ಹಚ್ಚಿದರು. ಒದ್ದೆ ಕೂದಲು ಬೆನ್ನ ಮೇಲೆ ಬಿಟ್ಟುಕೊಂಡು, ರಂಗೋಲಿ ಬಟ್ಟಲು ಹಿಡಿದು ಬಾಗಿಲ ಮುಂದೆ ಕೂತರು.

ನಮ್ಮ ಕಾರಿಡಾರಿಗೂ ಕಿಟಕಿ ಇಲ್ಲ. ಅಲ್ಲಿರುವುದು ಸೆನ್ಸರ್ ಲೈಟು. ಯಾರಾದರೂ ಅಲುಗಿದರೆ ಹತ್ತುತ್ತದೆ, ಇಲ್ಲದಿದ್ದರೆ ಅರ್ಧ ನಿಮಿಷಕ್ಕೆ ಆರುತ್ತದೆ. ಎರಡು ಬೆರಳಲ್ಲಿ ಚುಕ್ಕಿ ಇಡುವುದನ್ನು ಅದು ಅಲುಗಾಟ ಅಂತ ಒಪ್ಪುವುದಿಲ್ಲ. ಅತ್ತೆ ಇದನ್ನು ಬಂದ ವಾರದಲ್ಲೇ ಕಂಡುಕೊಂಡಿದ್ದಾರೆ. ಲೈಟು ಆರಿತೋ, ಕೂತಲ್ಲೇ ಬಲಗೈ ಮೇಲೆತ್ತಿ ಒಮ್ಮೆ ಬೀಸುತ್ತಾರೆ. ಹತ್ತುತ್ತದೆ. ನಾಲ್ಕು ಚುಕ್ಕಿ. ಆರುತ್ತದೆ. ಮತ್ತೆ ಕೈ. ಹದಿನೈದು ಚುಕ್ಕಿ ರಂಗೋಲಿ ಮುಗಿಯುವ ಹೊತ್ತಿಗೆ ಎಷ್ಟು ಸಲ ಕೈ ಎತ್ತಬೇಕೋ ಲೆಕ್ಕ ಹಾಕಿ.

ಇಂಥದೊಂದು ಕತ್ತಲೆಯ ಗಳಿಗೆಯಲ್ಲಿ ಲಿಫ್ಟ್ ಬಂದು ನಿಂತಿದೆ. ಪಕ್ಕದ ಫ್ಲ್ಯಾಟಿನ ಹುಡುಗ, ರಾತ್ರಿ ಪಾಳಿ ಮುಗಿಸಿ ಬಂದವನು. ಬಾಗಿಲು ತೆರೆದಿದೆ. ಅದೇ ಕ್ಷಣಕ್ಕೆ ಅತ್ತೆ ಕೈ ಎತ್ತಿದ್ದಾರೆ. ಫಳಕ್ಕನೆ ಬೆಳಕು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ ಹೆಂಗಸು, ಬಿಚ್ಚಿದ ಕೂದಲು, ಬಿಳಿ ಪುಡಿ ಮೆತ್ತಿದ ಕೈ ಅವನತ್ತ ಎತ್ತಿದ್ದು. ಅತ್ತೆಯ ಪಾಲಿಗೆ ಅದು ಬೆಳಗಿನ ಹೊತ್ತು. ಎದುರು ಸಿಕ್ಕ ಹುಡುಗನನ್ನು ಮಾತಾಡಿಸದೆ ಇರಲಾದೀತೇ?

"ಬಾ ತಮ್ಮಾ," ಅಂದಿದ್ದಾರೆ.

ಅವನು ಬರಲಿಲ್ಲ. ಲಿಫ್ಟಿನ ಒಳಗೇ ಹಿಂದೆ ಸರಿದನಂತೆ. ಬಾಗಿಲು ಮುಚ್ಚಿಕೊಂಡಿತು. "ಏನೋ ಮರೆತು ಬಂದಿರಬೇಕು ಪಾಪ, ಮತ್ತೆ ಕೆಳಗೆ ಹೋದ" ಅಂತ ಅತ್ತೆ ಆಮೇಲೆ ಹೇಳಿದರು.

ರಂಗೋಲಿ ಮುಗಿಸಿ ನನ್ನನ್ನು ಎಬ್ಬಿಸಿದರು. "ಏಳೇ, ಮಗುವಿಗೆ ಶಾಲೆಗೆ ಹೊತ್ತಾಯ್ತು." ನಾನೂ ನೋಡಿ, ಎದ್ದೆ! ಅತ್ತೆ ಸ್ನಾನ ಮುಗಿಸಿ ನಿಂತಿದ್ದಾರೆ ಅಂದಮೇಲೆ ಗಂಟೆ ನೋಡುವ ಧೈರ್ಯ ಯಾವ ಸೊಸೆಗಿದೆ? ಅವಲಕ್ಕಿ ನೆನೆಸಿ ಒಗ್ಗರಣೆಗಿಟ್ಟೆ. ಮಗನನ್ನು ಎಬ್ಬಿಸಿದೆ. ಅವನು ಯೂನಿಫಾರ್ಮಿನ ಒಂದು ಕಾಲಿಗೆ ಕಾಲು ತೂರಿಸಿ ಹಾಗೇ ಕೂತು ತೂಕಡಿಸುತ್ತಿದ್ದ. "ಹಾಲಿನವನು ಇನ್ನೂ ಬಂದಿಲ್ಲ ನೋಡು" ಅಂತ ಅತ್ತೆ ಗೊಣಗಿದಾಗ ಫೋನ್ ತೆಗೆದೆ. ಮೂರು ಇಪ್ಪತ್ತೈದು. ಸಾಸಿವೆ ಸಿಡಿಯುತ್ತಿತ್ತು.

ಇಷ್ಟಾದರೂ ಇವರು ಏಳಲಿಲ್ಲ. ಮನೆಗೆಲ್ಲ ಬೆಳಕು ಹಂಚಿ ತಾವು ಕತ್ತಲಲ್ಲಿ ಗೊರಕೆ ಹೊಡೆಯುತ್ತಿದ್ದರು.

ನಾನು ಅತ್ತೆಯನ್ನು ಬೈಯಲಿಲ್ಲ. ಮುಖ ಸಣ್ಣದು ಮಾಡಿಕೊಂಡು "ಬೆಳಕು ಬಂತಲ್ಲೇ" ಅಂದರು. ನಿದ್ದೆ ಹೇಗೂ ಹಾರಿತ್ತು. ಕಾಫಿ ಮಾಡಿಕೊಂಡು ಕೂತೆವು. ಊರಿನ ಹಳೇ ಅಡುಗೆಮನೆಯೂ ಕತ್ತಲೆ ಗವಿಯೇ ಆಗಿತ್ತಂತೆ. ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಅದರಿಂದ ಇಳಿದ ಬೆಳಕು ಹೊಗೆಯೊಳಗೆ ಕೋಲಿನ ಹಾಗೆ ನಿಂತು, ನೆಲದ ಮೇಲೆ ತಟ್ಟೆಯಷ್ಟಗಲ ಬೀಳುತ್ತಿತ್ತು. ಆ ತಟ್ಟೆ ಒರಳಿನ ಹತ್ತಿರ ಬಂದರೆ ಅನ್ನಕ್ಕಿಡುವ ಹೊತ್ತು. ಕಡಗೋಲು ಕಂಬ ಮುಟ್ಟಿದರೆ ಮಕ್ಕಳು ಶಾಲೆಯಿಂದ ಬರುವ ಹೊತ್ತು. ಮಳೆಗಾಲದಲ್ಲಿ ಹೆಂಚಿಗೆ ಪಾಚಿ ಕಟ್ಟಿ ಬೆಳಕು ಹಸಿರಾಗುತ್ತಿತ್ತು. "ಆವಾಗ ಹಸಿವಾದಾಗ ಅನ್ನಕ್ಕಿಡೋದು," ಅಂತ ನಕ್ಕರು. ಕಂಬ ಮುಟ್ಟುವ ಬೆಳಕನ್ನು ನೋಡುತ್ತ ಕಾದದ್ದು ಇದೇ ಮಗನಿಗೆ. ಈಗ ಆ ಹೆಂಚೂ ಇಲ್ಲ, ಕಂಬವೂ ಇಲ್ಲ. ಅಲ್ಲಿ ಆರ್‌ಸಿಸಿ ಹಾಕಿ ಟ್ಯೂಬ್‌ಲೈಟ್ ಹಚ್ಚಿದ್ದಾರೆ.

ಬೆಳಿಗ್ಗೆ, ಅಂದರೆ ನಿಜವಾದ ಬೆಳಿಗ್ಗೆ, ಇವರು ಎಲ್ಲ ಕೇಳಿ ಗಂಭೀರವಾಗಿ "ಇದಕ್ಕೊಂದು ಟೈಮರ್ ಬೇಕಿತ್ತು" ಅಂದರು. ಆರ್ಡರ್ ಹಾಕಿಯೂ ಆಯಿತು. ಇನ್ನು ಮೇಲೆ ಆರಕ್ಕೆ ಸರಿಯಾಗಿ ಸೂರ್ಯೋದಯವಂತೆ.

ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಪಕ್ಕದ ಹುಡುಗನ ಸಂದೇಶ. ಮೂರನೇ ಮಹಡಿ, ರಾತ್ರಿ ಮೂರು ಗಂಟೆ, ಉಳಿದದ್ದನ್ನು ಬರೆಯಲು ಅವನಿಗೆ ಕೈ ಬಂದಿರಲಿಲ್ಲ. ಕೆಳಗೆ ಹನ್ನೊಂದು ಜನ ಕೈ ಮುಗಿದಿದ್ದರು. ಒಬ್ಬರು "ಮನೆಗೆ ಇನ್ನೂರು ಹಾಕಿ ಒಂದು ಹೋಮ ಮಾಡಿಸೋಣ" ಅಂದಿದ್ದರು. ಅದಕ್ಕೆ ಮೊದಲು ಹೆಬ್ಬೆರಳು ಎತ್ತಿದವರು ನಮ್ಮನೆಯವರೇ.

ಹೋಮದ ವಿಷಯ ಅತ್ತೆಗೂ ಗೊತ್ತಾಯಿತು. "ಒಳ್ಳೇದೇ ಆಯ್ತು," ಅಂದರು. "ರಂಗೋಲಿ ನಾನೇ ಹಾಕ್ತೀನಿ ಅಂತ ಹೇಳು."